ಬತ್ತಳಿಕೆಯ ಪಟ್ಟಿ

ಸಂಜೆ ಏಳು ಗಂಟೆಯ ಹೊತ್ತಿಗೆ ಡೊಂಬಿವಲಿ ನಿಲ್ದಾಣದ ಮೇಲುಸೇತುವೆಯ ಒಂದು ಮಗ್ಗುಲಿಗೆ ನಿಂತುಕೊಂಡು, ಮುಂಬಯಿಯ ಕಡೆಯಿಂದ ಬಂದ ಗಾಡಿಯಿಂದಿಳಿದು ಮೆಟ್ಟಿಲೇರುವ ಜನಪ್ರವಾಹವನ್ನು ನೋಡತಕ್ಕವನಿಗೆ ಮುಖಗಳಿಗಿಂತ ಮೊದಲು ಗೋಚರಿಸುವುವು ಹೆಗಲುಗಳು; ಆ ಸಹಸ್ರಾರು ಹೆಗಲುಗಳಲ್ಲಿ ಬರಿದಾದದ್ದು ಒಂದೂ ಸಿಕ್ಕುವುದು ದುರ್ಲಭ. ಊಟದ ಡಬ್ಬಿ, ನೀರಿನ ಬಾಟಲಿ, ಲ್ಯಾಪ್‌ಟಾಪು, ದಾರಿಯಲ್ಲಿ ಕೊಂಡ ಮೆಂತ್ಯದ ಸೊಪ್ಪು, ಇವೆಲ್ಲವನ್ನೂ ಹೊತ್ತು ನಡೆಯುವವನು ಮನುಷ್ಯನೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಹೊರುತ್ತಿರುವುದು ಎರಡು ಬೆರಳಗಲದ ಒಂದು ಪಟ್ಟಿ. ಚೀಲವನ್ನು ಕೊಳ್ಳುವಾಗ ಅದರ ಬಣ್ಣವನ್ನು ನೋಡುತ್ತೇವೆ, ಜಿಪ್ಪನ್ನು ಎಳೆದೆಳೆದು ಪರೀಕ್ಷಿಸುತ್ತೇವೆ, ಒಳಗೆಷ್ಟು ಖಾನೆಗಳಿವೆಯೆಂದು ಎಣಿಸುತ್ತೇವೆ. ಪಟ್ಟಿಯ ಕಡೆಗೆ ಮಾತ್ರ ಯಾರ ದೃಷ್ಟಿಯೂ ಹೋಗುವುದಿಲ್ಲ. ಅದು ಗಮನಕ್ಕೆ ಬರುವುದು ಕಿತ್ತುಹೋದ ದಿನ, ಅದೂ ಠಾಕುರ್ಲಿಯ ಹತ್ತಿರ, ಕಾಲೂರಲು ಜಾಗವಿಲ್ಲದ ಡಬ್ಬಿಯೊಳಗೆ.

ನನ್ನ ಗಮನಕ್ಕೆ ಅದು ಬಂದದ್ದು ಬೇರೊಂದು ಮಾರ್ಗದಿಂದ. ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿರುವ ಕರ್ನಾಟಕ ಸಂಘವಿರುವ ಈ ಊರಿನಲ್ಲಿ ಕನ್ನಡದ ಮಕ್ಕಳು ನಾಟಕವಾಡುವುದು ಆಶ್ಚರ್ಯದ ಸಂಗತಿಯೇನೂ ಅಲ್ಲ. ನಮ್ಮ ಓಣಿಯ ನಾಲ್ಕಾರು ಮನೆಗಳ ಮಕ್ಕಳೂ ಸೇರಿಕೊಂಡು ಒಂದು ವರ್ಷ ಬೇಡರ ಕಣ್ಣಪ್ಪನ ಕಥೆಯನ್ನು ಆಡುವುದೆಂದು ನಿಶ್ಚಯಿಸಿದರು. 1954ರಲ್ಲಿ ರಾಜ್‌ಕುಮಾರರನ್ನು ಕನ್ನಡ ನಾಡಿಗೆ ನಾಯಕನಟರನ್ನಾಗಿ ಕೊಟ್ಟ ಆ ಕಥೆಯನ್ನು ಅವರ ತಾತಂದಿರು ಚಿತ್ರಮಂದಿರದಲ್ಲಿ ನೋಡಿದ್ದರು, ತಂದೆತಾಯಿಗಳು ದೂರದರ್ಶನದಲ್ಲಿ ನೋಡಿದ್ದರು, ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡರು. ವೇಷಸಾಮಗ್ರಿಯ ಹೊಣೆ ನನ್ನ ಪಾಲಿಗೆ ಬಂದಿತು. ಬಿಲ್ಲಿಗೆ ಬಿದಿರಿನ ಸೀಳು, ಬತ್ತಳಿಕೆಗೆ ದಪ್ಪ ಬಿದಿರಿನ ಒಂದು ಅಂಡೆ, ಇವೆರಡೂ ಸುಲಭವಾಗಿಯೇ ದೊರೆತವು. ಬತ್ತಳಿಕೆಯನ್ನು ತೂಗುಹಾಕುವ ಪಟ್ಟಿಗಾಗಿ ಪೇಟೆಗೆ ಹೋಗಿ, ಬ್ಯಾಗು ರಿಪೇರಿಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಎರಡು ಮೀಟರು ಕಪ್ಪು ನೈಲಾನ್ ಪಟ್ಟಿಯನ್ನು ಕೊಂಡುತಂದೆ.

ಅಭ್ಯಾಸದ ಮೊದಲನೆಯ ದಿನವೇ ಆ ಪಟ್ಟಿಯ ಸ್ವಭಾವ ತಿಳಿದುಹೋಯಿತು. ಹತ್ತು ವರ್ಷದ ನಮ್ಮ ಕಣ್ಣಪ್ಪ ಬಾಣವನ್ನೆಳೆಯಲು ತೋಳೆತ್ತಿದಾಗಲೆಲ್ಲ ಅದು ಹೆಗಲಿನಿಂದ ಮೊಣಕೈಗೆ ಜಾರುತ್ತಿತ್ತು. ದೀಪದ ಬೆಳಕು ಬಿದ್ದರೆ ಕಾಡಿನ ಬೇಡನ ಎದೆಯ ಮೇಲೆ ಪೇಟೆಯ ಮಿಂಚು ಮಿಂಚುತ್ತಿತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಕತ್ತಿನ ಬುಡದಲ್ಲಿ ಕೆಂಪು ಗೆರೆಯೊಂದು ಮೂಡಿತ್ತು. ಇದರಲ್ಲಿ ಮಾರಿದವನ ದೋಷ ಕಿಂಚಿತ್ತೂ ಇಲ್ಲ. ಯಂತ್ರದಿಂದ ಹೊರಬರುವ ನೈಲಾನ್ ಎಳೆ ಉದ್ದಕ್ಕೂ ಅಖಂಡವಾದ, ಗಾಜಿನಂತೆ ನುಣುಪಾದ ತಂತು. ಆದ್ದರಿಂದಲೇ ಅದು ಬೆಳಕನ್ನು ಹಿಂದಿರುಗಿಸುತ್ತದೆ, ಹೆಗಲನ್ನು ಹಿಡಿಯಲಾರದು. ಹತ್ತಿಯ ನೂಲಾದರೋ ಅಂಗುಲ ಉದ್ದದ ಅಸಂಖ್ಯಾತ ಅರಳೆಯ ಎಳೆಗಳನ್ನು ಹುರಿಮಾಡಿ ಕಟ್ಟಿದ್ದು. ಆ ಎಳೆಗಳ ತುದಿಗಳು ಮೈಯುದ್ದಕ್ಕೂ ಸಣ್ಣ ರೋಮಗಳಂತೆ ಎದ್ದು ನಿಂತಿರುವುದರಿಂದ ಅದು ಅಂಗಿಯನ್ನು ಅಷ್ಟಿಷ್ಟು ಕಚ್ಚಿಕೊಳ್ಳುತ್ತದೆ, ಬೆವರನ್ನು ಹೀರುತ್ತದೆ. ಬೇಟೆಗಾರನಿಗೆ ಬೇಕಾದದ್ದು ಇದೇ ಗುಣ. ಪೊದೆಯಲ್ಲಿ ನುಸುಳುವಾಗ ಜಾರಬಾರದು, ಬಿಸಿಲಿಗೆ ಹೊಳೆಯಬಾರದು, ನಡೆದಾಗ ಸಪ್ಪಳವಾಗಬಾರದು.

ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಹಿರಿಯರೊಬ್ಬರಿದ್ದಾರೆ. ತುಳುನಾಡಿನ ಶೆಟ್ಟಿಗಾರರ ಮನೆತನದವರು. ತಂದೆಯ ಕೈಮಗ್ಗದ ಪಕ್ಕದಲ್ಲಿ ಹುಟ್ಟಿ, ಯೌವನದಲ್ಲಿ ಮುಂಬಯಿಯ ಗಿರಣಿಯ ಸಾಂಚೆಗಳ ನಡುವೆ ದುಡಿದು, 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಪ್ರಾರಂಭವಾದ ಆ ಮಹಾಮುಷ್ಕರದ ತರುವಾಯ ನೂಲಿನ ಸಂಬಂಧವನ್ನೇ ಕಡಿದುಕೊಂಡವರು. ಮೊಮ್ಮಗನನ್ನು ಕರೆದೊಯ್ಯಲು ಬಂದವರು ಆ ನೈಲಾನ್ ಪಟ್ಟಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ತಿರುವಿ ನೋಡಿ, ಅದನ್ನು ಕೆಳಗಿಟ್ಟು, ನಾನು ಈವರೆಗೆ ಮರೆಯದ ಒಂದು ಮಾತನ್ನು ಹೇಳಿದರು: “ಪಟ್ಟಿ ಅಂದ್ರೆ ಸಣ್ಣ ಬಟ್ಟೆ ಅಂತ ತಿಳ್ಕೊಂಡಿದ್ದೀರಿ ನೀವು. ಅಲ್ಲ ಮಾರಾಯ್ರೆ. ಪಟ್ಟಿ ಅಂದ್ರೆ ಅಗಲ ಆದ ಹಗ್ಗ.”

ಯೋಚಿಸಿದಷ್ಟೂ ಆ ಮಾತಿನ ಯಥಾರ್ಥತೆ ನನಗೆ ಸ್ಪಷ್ಟವಾಗುತ್ತ ಬಂದಿತು. ಸೀರೆಯಲ್ಲಿಯೂ ಪಂಚೆಯಲ್ಲಿಯೂ ಹಾಸಿಗೂ ಹೊಕ್ಕಿಗೂ ಸರಿಸಮಾನವಾದ ಕೆಲಸವುಂಟು. ಉದ್ದದ ನೂಲು ಅಡ್ಡದ ನೂಲನ್ನು ಹಿಡಿದಿರುತ್ತದೆ, ಅಡ್ಡದ್ದು ಉದ್ದದ್ದನ್ನು, ಎರಡೂ ಕಣ್ಣಿಗೆ ಕಾಣುತ್ತವೆ. ಹೆಗಲಪಟ್ಟಿಯಲ್ಲಾದರೋ ಭಾರವೆಲ್ಲ ಒಂದೇ ದಿಕ್ಕಿಗೆ, ಉದ್ದಕ್ಕೆ, ಎಳೆಯುತ್ತದೆ. ಆದುದರಿಂದ ಹಾಸಿನ ಎಳೆಗಳನ್ನು ಒತ್ತೊತ್ತಾಗಿ, ನಡುವೆ ಬೆಳಕೂ ತೂರದಂತೆ ಸೇರಿಸಿ, ಅವು ಚೆದರದಂತೆ ಮಾತ್ರ ಹೊಕ್ಕಿನ ನೂಲನ್ನು ಒಳಗೊಳಗೇ ಹಾಯಿಸಬೇಕು. ಚೆನ್ನಾಗಿ ನೇಯ್ದ ಪಟ್ಟಿಯಲ್ಲಿ ಹೊಕ್ಕು ಎರಡು ಅಂಚುಗಳಲ್ಲಿ ಚುಕ್ಕಿಯಂತೆ ಕಾಣಿಸಿಕೊಂಡು ಮಿಕ್ಕಂತೆ ಅಗೋಚರವಾಗಿರುತ್ತದೆ. ಕನ್ನಡದ ಜನಕ್ಕೆ ಈ ಭೇದ ತಿಳಿಯದ್ದಲ್ಲ. ತಿಳಿದಿದ್ದುದರಿಂದಲೇ ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ. ತೊಗಲಿನದಾದರೆ ಬಾರು, ಬರಿಯ ತಿರುಚಿದ್ದಾದರೆ ಹುರಿ, ಅಂಗಿಗೆ ಬಿಗಿಯುವುದು ಕಸೆ, ಚಲ್ಲಣಕ್ಕೆ ಪೋಣಿಸುವುದು ಲಾಡಿ, ಮಂಚಕ್ಕೆ ಹೆಣೆಯುವ ಅಗಲವಾದದ್ದು ನವಾರು. ಈ ಕೊನೆಯ ಶಬ್ದ ಪಾರಸಿಯಿಂದ ಬಂದದ್ದು. ಆ ಮಂಚದ ಮೇಲೆ ಮಲಗಿ ಬೆಳೆದ ನಮ್ಮ ತಲೆಮಾರಿನವರ ಬೆನ್ನಿಗೆ ಮಾತ್ರ ಅದು ಪರದೇಶದ್ದಾಗಿ ಎಂದೂ ತೋರಲಿಲ್ಲ. ಬತ್ತಳಿಕೆಗೂ ಹಾಗೆಯೇ ದೊಣೆ, ಮೂಡಿಗೆ ಎಂಬ ಪ್ರಾಚೀನ ನಾಮಗಳಿವೆ. ಇಷ್ಟೊಂದು ಹೆಸರುಗಳಿರುವ ಭಾಷೆಯ ಮನೆಗಳಲ್ಲಿ ಒಂದು ಪಟ್ಟಿಯನ್ನು ನೇಯಬಲ್ಲ ಕೈ ಉಳಿದಿಲ್ಲವೆ ಎಂಬ ಛಲ ನನಗೆ ಹುಟ್ಟಿತು. ಹಿರಿಯರು ನಕ್ಕು, ಜೊತೆಗೆ ಕೂರಲು ಒಪ್ಪಿದರು.

ಮೊದಲನೆಯ ವಿಘ್ನ ನೂಲಿನದು. ಇದು ವಿಚಿತ್ರವಾದ ಸಂಗತಿ. ಏಕೆಂದರೆ ಥಾಣೆ ಪ್ರಾಂತಕ್ಕಿಂತ ಹೆಚ್ಚಾಗಿ ನೂಲಿನ ಋಣವನ್ನುಳ್ಳ ನೆಲ ಪಶ್ಚಿಮ ಕರಾವಳಿಯಲ್ಲಿ ವಿರಳ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ತೀರದ ವಿಷಯವನ್ನು ಬರೆದ ಮಾರ್ಕೊ ಪೋಲೊ ಥಾಣೆಯ ರೇವಿನಿಂದ ಹೊರಟುಹೋಗುತ್ತಿದ್ದ ಸರಕುಗಳಲ್ಲಿ ತೊಗಲನ್ನೂ ಹತ್ತಿಯನ್ನೂ ಹೆಸರಿಸಿದ್ದಾನೆ. 1925ರಲ್ಲಿ ಇದೇ ಥಾಣೆಯ ಖಾರಿಯ ಬಳಿ ಉಣ್ಣೆಯ ಗಿರಣಿಯೊಂದು ಎದ್ದು, ಮುಂದೆ ರೇಮಂಡ್ ಎಂಬ ಹೆಸರಿನಿಂದ ಮದುವೆಯ ಗಂಡುಗಳಿಗೆಲ್ಲ ಪರಿಚಿತವಾಯಿತು. ಕಲ್ಯಾಣದಿಂದ ಖಾರಿಯನ್ನು ದಾಟಿದರೆ ಭಿವಂಡಿ; ಅಲ್ಲಿನ ಓಣಿಗಳಲ್ಲಿ ವಿದ್ಯುನ್ಮಗ್ಗಗಳ ಖಟಖಟ ಶಬ್ದವಿಲ್ಲದ ಗಳಿಗೆಯೇ ಇಲ್ಲವೆನ್ನಬಹುದು. ಇಂಥ ಕಡೆಯಲ್ಲಿ ಕಾಲು ಕಿಲೋ ಹತ್ತಿಯ ದಪ್ಪ ನೂಲು ಕೊಡಿರೆಂದು ನಾನು ಕೇಳಿದಾಗ ವ್ಯಾಪಾರಿಗಳು ನನ್ನನ್ನು ನೋಡಿದ ರೀತಿ, ಸಮುದ್ರದ ದಂಡೆಯಲ್ಲಿ ನಿಂತು ಒಂದು ಲೋಟ ನೀರನ್ನು ಯಾಚಿಸುವವನನ್ನು ನೋಡುವ ರೀತಿಯದಾಗಿತ್ತು. ಅವರಲ್ಲಿದ್ದದ್ದು ಗೋಣಿಗಟ್ಟಲೆ, ಅದೂ ಯಂತ್ರಕ್ಕೆ ತಕ್ಕ ಸಣ್ಣ ನಂಬರಿನ ನುಣುಪು ನೂಲು.

ನೂಲಿನ ನಂಬರೆಂಬುದು ಸಾಮಾನ್ಯ ಓದುಗನನ್ನು ತಬ್ಬಿಬ್ಬುಗೊಳಿಸುವ ವಿಷಯವಾದುದರಿಂದ ಇಲ್ಲಿ ಎರಡು ಮಾತು. ಒಂದು ಲಡಿಯೆಂದರೆ 840 ಗಜ. ಒಂದು ಪೌಂಡು ತೂಕಕ್ಕೆ ಎಷ್ಟು ಲಡಿಗಳು ಬರುತ್ತವೆಯೋ ಅದೇ ಆ ನೂಲಿನ ನಂಬರು. ನಂಬರು ಹೆಚ್ಚಿದಷ್ಟೂ ನೂಲು ತೆಳು. ಅರುವತ್ತು, ಎಂಬತ್ತು ನಂಬರಿನದು ಸೀರೆಗೆ ಸೊಗಸು. ಹೆಗಲಪಟ್ಟಿಗೆ ಹತ್ತರ ಆಸುಪಾಸಿನದು, ಅದೂ ಎರಡೋ ನಾಲ್ಕೋ ಎಳೆ ಕೂಡಿ ಹುರಿಗೊಂಡದ್ದು ಬೇಕು. ಕಡೆಗೆ ಅದು ಸಿಕ್ಕಿದ್ದು ಕಲ್ಯಾಣದ ಪೇಟೆಯಲ್ಲಿ ಗಾದಿ ಹೊಲಿಯುವವರ ಅಂಗಡಿಯೊಂದರಲ್ಲಿ. ಬಿಳಿಯ ಉಂಡೆಗಳಲ್ಲಿ ಅರ್ಧದಷ್ಟನ್ನು ಮನೆಯಲ್ಲಿಯೇ ಕಾಚಿನಲ್ಲಿ ಅದ್ದಿ ಕಂದುಗೆಂಪು ಮಾಡಿಕೊಂಡೆವು. ಕಾಚೆಂದಾಗ ಈ ಸೀಮೆಯ ಇನ್ನೊಂದು ಋಣವನ್ನು ನೆನೆಯದೆ ಮುಂದಕ್ಕೆ ಹೋಗಲಾಗದು: ಖೈರದ ಮರದ ತಿರುಳನ್ನು ಕುದಿಸಿ ಕಾಚು ತೆಗೆಯುವ ಕಾಯಕದಿಂದಲೇ ಕಾತಕರಿ ಎಂಬ ಹೆಸರನ್ನು ಪಡೆದ ಆದಿವಾಸಿಗಳು ಥಾಣೆ, ರಾಯಗಡ ಜಿಲ್ಲೆಗಳ ಬೆಟ್ಟದ ಸೆರಗುಗಳಲ್ಲಿ ಇಂದಿಗೂ ಇದ್ದಾರೆ, ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಮಹಾರಾಷ್ಟ್ರದ ಮೂರು ಬುಡಕಟ್ಟುಗಳಲ್ಲಿ ಅವರದೊಂದು. ನಿಜವಾದ ಬೇಟೆಗಾರರು ಅವರೇ. ಪೇಟೆಯ ನಾವು ವೇಷ ಹಾಕುವವರು.

ಈ ಬೆಟ್ಟಗಳ ಕಾಡು ಎಂಥದ್ದಾಗಿತ್ತೆಂಬುದಕ್ಕೆ 1320ರ ದಶಕದಲ್ಲಿ ಥಾಣೆಗೆ ಬಂದಿಳಿದ ಇಟಲಿಯ ಸಂನ್ಯಾಸಿ ಓಡೋರಿಕ್‌ನ ಬರಹ ಸಾಕ್ಷಿ. ಕರಿಯ ಸಿಂಹಗಳೂ ಕಪಿಗಳೂ ಪಾರಿವಾಳದಷ್ಟು ದೊಡ್ಡ ಬಾವಲಿಗಳೂ ನಾಯಿಯಷ್ಟು ದೊಡ್ಡ ಇಲಿಗಳೂ ಇಲ್ಲಿ ಹೇರಳವೆಂದು ಅವನು ಬರೆದುಕೊಂಡಿದ್ದಾನೆ. ಕರಿಯ ಸಿಂಹ ಯಾವ ಪ್ರಾಣಿಯೋ ಊಹಿಸುವುದು ಓದುಗರಿಗೆ ಬಿಟ್ಟದ್ದು. ಇಲಿಗಳ ವಿಷಯದಲ್ಲಿ ಅವನು ಬಹಳ ಉತ್ಪ್ರೇಕ್ಷೆ ಮಾಡಿಲ್ಲವೆಂಬುದನ್ನು ಮಳೆಗಾಲದಲ್ಲಿ ನಮ್ಮ ನಿಲ್ದಾಣದ ಹಳಿಗಳ ಮೇಲೆ ಹೆಗ್ಗಣಗಳನ್ನು ಕಂಡವರು ಒಪ್ಪಿಯಾರು. ಅದಕ್ಕೂ ಹಿಂದೆ ಈ ನಾಡನ್ನು ಶಿಲಾಹಾರರು ಆಳಿದರು. ಅಂಬರನಾಥದ ಶಿವಾಲಯದಲ್ಲಿ 1060ರ ಶಾಸನವನ್ನು ಬಿಟ್ಟುಹೋದ ಮುಮ್ಮುಣಿಯ ಹೆಸರೇ ಕನ್ನಡದ ಕಿವಿಗೆ ಆಪ್ತವಾಗಿ ಕೇಳಿಸುತ್ತದೆ. ಇನ್ನೊಂದು ಕಲ್ಯಾಣದಲ್ಲಿ, ಎಂದರೆ ನಮ್ಮ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ವಿವರಿಸುವಾಗ ಬೇಟೆಗೂ, ಡೇಗೆಯ ಹಾರಾಟಕ್ಕೂ, ಮೀನು ಹಿಡಿಯುವುದಕ್ಕೂ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟನು. ಅದಕ್ಕೆ ಸ್ವಲ್ಪವೇ ಮುಂಚೆ, 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಉಂಟು. ಲೋಹವೂ ಕಲ್ಲೂ ಗ್ರಂಥವೂ ಉಳಿದುವು. ಭಾರವನ್ನು ಹೊತ್ತ ಪಟ್ಟಿಗಳು ಮಾತ್ರ ಗೆದ್ದಲಿಗೂ ಮಳೆಗೂ ಆಹುತಿಯಾದುವು. ನೂಲಿನ ಚರಿತ್ರೆಯನ್ನು ಬರೆಯತಕ್ಕವನ ಕಷ್ಟವೇ ಇದು.

ಇನ್ನು ನೇಯ್ಗೆಯ ವಿಷಯ. ಕುಣಿಮಗ್ಗವನ್ನು ಹೂಡಲು ಡೊಂಬಿವಲಿಯ ಮನೆಗಳಲ್ಲಿ ನೆಲವೆಲ್ಲಿ? ನಾವು ಆಯ್ದುಕೊಂಡದ್ದು ಮಗ್ಗವೇ ಇಲ್ಲದ ಒಂದು ವಿಧಾನ. ಹಲಗೆ ನೇಯ್ಗೆಯೆಂದು ಅದನ್ನು ಕರೆಯಬಹುದು. ಅಂಗೈಗಿಂತ ಚಿಕ್ಕದಾದ ಚೌಕಾಕಾರದ ಹಲಗೆಗಳು, ಮರದವೋ ಮೂಳೆಯವೋ ತೊಗಲಿನವೋ, ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತುಗಳು, ಒಂದೊಂದು ತೂತಿಗೆ ಒಂದೊಂದು ಎಳೆ, ಉಪಕರಣವೆಂದರೆ ಇಷ್ಟೇ. ನಾವು ಇಸ್ಪೀಟು ಎಲೆಗಳನ್ನು ಕತ್ತರಿಸಿಕೊಂಡೆವು. ಲೋಕಲ್ ಗಾಡಿಯಲ್ಲಿ ಮೊಣಕಾಲಿನ ಮೇಲೆ ಸೂಟ್‌ಕೇಸಿಟ್ಟುಕೊಂಡು ಆಡುತ್ತಿದ್ದವರ ಕಾಲದ ಒಂದು ಕಟ್ಟು ನನ್ನಲ್ಲಿತ್ತು. ಅದರಲ್ಲಿ ಇಸ್ಪೀಟಿನ ರಾಣಿ ದಿವಾ ನಿಲ್ದಾಣದಲ್ಲೆಲ್ಲಿಯೋ ಕಳೆದುಹೋಗಿ ಬಹುಕಾಲದಿಂದ ಅದು ನಿರುಪಯೋಗಿಯಾಗಿತ್ತು. ಇಪ್ಪತ್ತನಾಲ್ಕು ಎಲೆಗಳು, ಎಲೆಗೆ ನಾಲ್ಕರಂತೆ ತೊಂಬತ್ತಾರು ಎಳೆಗಳು, ಎಳೆಯೊಂದು ಎರಡೂವರೆ ಮೀಟರು. ಎಂದರೆ ಮೂರು ಬೆರಳಗಲದ ಪಟ್ಟಿಯ ಹಾಸಿಗೇ ಇನ್ನೂರ ನಲವತ್ತು ಮೀಟರು ನೂಲು! ನೇಯುವಾಗ ಎಳೆ ಡೊಂಕಾಗಿ ಹಾಯುವುದರಿಂದ ಉದ್ದ ಕುಗ್ಗುತ್ತದೆ, ಎರಡು ತುದಿಗಳಲ್ಲಿ ಕಟ್ಟಿದ ಭಾಗ ವ್ಯರ್ಥವಾಗುತ್ತದೆ. ಕೈಗೆ ಬರುವುದು ಎರಡು ಮೀಟರಿಗೂ ಕಡಿಮೆ.

ಹಾಸಿನ ಒಂದು ಕೊನೆಯನ್ನು ಕಿಟಕಿಯ ಸರಳಿಗೂ ಇನ್ನೊಂದನ್ನು ನನ್ನ ಸೊಂಟಕ್ಕೂ ಬಿಗಿದು, ಹಿಂದಕ್ಕೆ ವಾಲಿದರೆ ನೂಲು ಬಿಗಿಯಾಗುವುದು, ಮುಂದಕ್ಕೆ ಬಾಗಿದರೆ ಸಡಿಲವಾಗುವುದು. ಎಲೆಗಳ ಕಟ್ಟನ್ನು ಎರಡು ಕೈಗಳಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದಾಗ ಮೇಲಿನ ತೂತುಗಳ ಎಳೆಗಳು ಮೇಲೆ, ಕೆಳಗಿನವು ಕೆಳಗೆ, ನಡುವೆ ಒಂದು ಸಂದು. ಆ ಸಂದಿನಲ್ಲಿ ಹೊಕ್ಕಿನ ನೂಲನ್ನು ಹಾಯಿಸಿ, ಮಕ್ಕಳ ಅಡಿಪಟ್ಟಿಯಿಂದ ಗುದ್ದಿ, ಮತ್ತೆ ಕಾಲು ಸುತ್ತು. ಮತ್ತೆ ಹೊಸ ಸಂದು. ಹೀಗೆ ತಿರುಗುತ್ತ ತಿರುಗುತ್ತ ಒಂದೊಂದು ಎಲೆಯ ನಾಲ್ಕು ಎಳೆಗಳು ಪರಸ್ಪರ ಸುತ್ತಿಕೊಂಡು ಒಂದೊಂದು ಸಣ್ಣ ಹಗ್ಗವಾಗುತ್ತವೆ, ಮತ್ತು ಹೊಕ್ಕಿನ ನೂಲು ಇಪ್ಪತ್ತನಾಲ್ಕು ಹಗ್ಗಗಳನ್ನು ಪಕ್ಕಪಕ್ಕಕ್ಕೆ ಇರಿಸಿ ಹೊಲಿದಂತೆ ಬಂಧಿಸಿಬಿಡುತ್ತದೆ. ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿ, “ಇಷ್ಟು ವರ್ಷ ಮಗ್ಗ ನೋಡಿದ್ದೇನೆ. ಲಾಳಿ ಇಲ್ಲ, ಹಣಿಗೆ ಇಲ್ಲ, ಹೀಗೂ ನೇಯ್ಲಿಕ್ಕೆ ಆಗ್ತದೆ ಅಂತ ಗೊತ್ತೇ ಇರ್ಲಿಲ್ಲ ನೋಡಿ” ಎಂದರು. ಅಗಲವಾದ ಹಗ್ಗವೆಂದು ಅವರು ಅನುಭವದಿಂದ ಆಡಿದ ಮಾತು ಅವರ ಕಣ್ಣೆದುರಿಗೇ ಅಕ್ಷರಶಃ ಸಿದ್ಧಿಸುತ್ತಿತ್ತು.

ಆದರೆ ಮೊದಲನೆಯ ಗೇಣು ನೇಯ್ದು ಬಿಗಿಯನ್ನು ಸಡಿಲಿಸಿದಾಗ ಪಟ್ಟಿ ಪಟ್ಟಿಯಾಗಿರದೆ ಚಕ್ಕುಲಿಯಂತೆ ಮುರಿಗೊಂಡು ನಿಂತಿತು. ತಪ್ಪು ನನ್ನದೇ. ಎಲ್ಲ ಎಲೆಗಳಿಗೂ ನೂಲನ್ನು ಒಂದೇ ಮಗ್ಗುಲಿನಿಂದ ಪೋಣಿಸಿದ್ದೆ. ಆದ್ದರಿಂದ ಇಪ್ಪತ್ತನಾಲ್ಕು ಹಗ್ಗಗಳೂ ಒಂದೇ ಕಡೆಗೆ ಹುರಿಗೊಂಡು ಒಟ್ಟು ಪಟ್ಟಿಯನ್ನೇ ತಿರುಚುತ್ತಿದ್ದವು. ಒಂದು ಎಲೆಗೆ ಮುಂಭಾಗದಿಂದ, ಅದರ ಪಕ್ಕದ್ದಕ್ಕೆ ಹಿಂಭಾಗದಿಂದ ಪೋಣಿಸಿದರೆ ಎಡಹುರಿಯೂ ಬಲಹುರಿಯೂ ಒಂದನ್ನೊಂದು ತಡೆದು ಪಟ್ಟಿ ಸಮತಲವಾಗುತ್ತದೆ. ಬಿಚ್ಚಿ ಮರುಪೋಣಿಸಲು ಒಂದು ಭಾನುವಾರ ಬೇಕಾಯಿತು. ಇನ್ನೊಂದು ತೊಡಕೂ ಉಂಟು: ಎಲೆಗಳನ್ನು ಮುಂದಕ್ಕೆ ತಿರುಗಿಸುತ್ತ ಹೋದಂತೆ ಕಿಟಕಿಯ ಕಡೆಯ ನೂಲಿನಲ್ಲಿ ವಿರುದ್ಧವಾದ ಹುರಿ ಸಂಚಯವಾಗುತ್ತ ಬಂದು ಕೊನೆಗೆ ಎಲೆಗಳು ಅಲುಗಾಡದಂತಾಗುವುವು. ಇಪ್ಪತ್ತು ಸಲ ಮುಂದಕ್ಕೆ ತಿರುಗಿಸಿದರೆ ಇಪ್ಪತ್ತು ಸಲ ಹಿಂದಕ್ಕೆ ತಿರುಗಿಸಿ ಆ ಸಾಲವನ್ನು ತೀರಿಸಬೇಕು. ಆ ತಿರುವಿನ ಜಾಗದಲ್ಲಿ ವಿನ್ಯಾಸ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಕೆಂಪಿನ ಎರಡು ಎಳೆ ಬಿಳಿಯ ಎರಡು ಎಳೆಗಳನ್ನು ಪ್ರತಿ ಎಲೆಯಲ್ಲಿಯೂ ಒಂದೇ ಸ್ಥಾನದಲ್ಲಿಟ್ಟರೆ ಅಡ್ಡಪಟ್ಟೆಗಳು ಬರುವುವು. ಎಲೆಯಿಂದೆಲೆಗೆ ಒಂದೊಂದು ಮೂಲೆ ಸರಿಸುತ್ತ ಹೋದರೆ ಓರೆಗೆರೆಗಳು. ಹಿಂದುಮುಂದಾಗಿ ತಿರುಗಿಸಿದಾಗ ಆ ಓರೆಗೆರೆಗಳೇ ಕೂಡಿಕೊಂಡು ಅಂಕುಡೊಂಕಾದ ಅಲೆಗಳು. ಚಿತ್ರವನ್ನು ಮೊದಲು ಕಲ್ಪಿಸಿ ಅನಂತರ ನೇಯ್ದದ್ದಲ್ಲ ಇದು; ಸಾಲ ತೀರಿಸುವ ಅನಿವಾರ್ಯತೆಯಿಂದ ತಾನಾಗಿ ಹುಟ್ಟಿದ ಅಲಂಕಾರ. ನನಗೆ ಈ ಕಾರಣಕ್ಕಾಗಿಯೇ ಅದು ಬಹಳ ಮೆಚ್ಚಿಕೆಯಾಯಿತು.

ಗಂಟೆಗೆ ಒಂದು ಗೇಣು ನನ್ನ ವೇಗ. ಸೊಂಟ ಕಿಟಕಿಗೆ ಕಟ್ಟಿಹೋಗಿರುವುದರಿಂದ ಬಾಗಿಲ ಗಂಟೆ ಬಾರಿಸಿದರೆ ಏಳುವಂತಿಲ್ಲ. ಕೊರಿಯರಿನ ಹುಡುಗನೊಬ್ಬ ಎರಡು ಸಲ ಬಂದು ಹಿಂದಿರುಗಿದ. ಆದರೂ ಏಳೆಂಟು ಸಂಜೆಗಳಲ್ಲಿ ಪಟ್ಟಿ ಮುಗಿಯಿತು. ಅದನ್ನು ಬತ್ತಳಿಕೆಗೆ ಸೇರಿಸುವುದು ಇನ್ನೊಂದು ವಿದ್ಯೆ. ಅಂಡೆಯ ಬಾಯಿಯ ಹತ್ತಿರ ಒಂದು ಬಳೆ, ಬುಡಕ್ಕಿಂತ ತುಸು ಮೇಲೆ ಇನ್ನೊಂದು. ಎರಡಕ್ಕೂ ಪಟ್ಟಿಯನ್ನು ತೂರಿಸಿದರೆ ಬತ್ತಳಿಕೆ ಬೆನ್ನ ಮೇಲೆ ಓರೆಯಾಗಿ ಕೂತು ಬಾಣಗಳ ಗರಿಗಳು ಬಲ ಹೆಗಲಿನ ಹಿಂದೆ ಕೈಗೆ ಸಿಕ್ಕುವಂತೆ ನಿಲ್ಲುತ್ತವೆ. ತುದಿಯನ್ನು ಮಡಿಸಿ ಒಂದೇ ಸಾಲು ಹೊಲಿದರೆ ಭಾರವೆಲ್ಲ ಆ ಸಾಲಿನ ಮೇಲೆ ಬಿದ್ದು ಕಿತ್ತುಬರುವುದು. ಚೌಕವಾಗಿ ಹೊಲಿದು ಒಳಗೆ ಕತ್ತರಿಯಾಕಾರದಲ್ಲಿ ಎರಡು ಗೆರೆ ಹಾಯಿಸಬೇಕು. ಮಿಕ್ಕ ಎಳೆಗಳನ್ನು ಜಡೆಹೆಣೆದು ಗೊಂಡೆ ಕಟ್ಟಿದೆವು. ಕಾರಹುಣ್ಣಿಮೆಯ ಎತ್ತುಗಳ ಕೊರಳಿಗೆ ಉತ್ತರ ಕರ್ನಾಟಕದ ರೈತರು ಕಟ್ಟುವ ಗೊಂಡೆಗಳೇ ನಮಗೆ ಮಾದರಿ.

ಕರ್ನಾಟಕದಲ್ಲಿ ಆಯುಧವನ್ನು ಮೈಗೆ ಬಿಗಿದುಕೊಳ್ಳುವ ಸೌಂದರ್ಯವನ್ನು ಇಂದಿಗೂ ಕಾಣಬೇಕಾದರೆ ಕೊಡಗಿಗೇ ಹೋಗಬೇಕು. ಕುಪ್ಪಸದ ಮೇಲೆ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಮುಂದಕ್ಕೆ ಸಿಕ್ಕಿಸಿದ ಪೀಚೆಕತ್ತಿ, ಬೆನ್ನಿನ ಕಡೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ತೂಗುವ ಅಗಲವಾದ ಒಡಿಕತ್ತಿ. ಗದ್ದೆನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಹಿಂದೆ ಆ ದಿನ ಬೇಟೆಗೆ ಹೊರಡುತ್ತಿದ್ದವರು ಈಗ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಆಯುಧವೂ ಪಟ್ಟಿಯೂ ಒಂದೇ ಆಗುವ ಪ್ರಸಂಗವೂ ಒಂದುಂಟು: ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಹಕ್ಕಿ ಕಾಯುವವನ ಕವಣೆ. ಮರಾಠಿಯವರು ಗೋಫಣವೆನ್ನುವ ಅದು ನಾರಿನಿಂದ ಹೆಣೆದ ಒಂದು ಪಟ್ಟಿಯಲ್ಲದೆ ಬೇರೇನು?

ಹೊರಗಿನ ಲೋಕವನ್ನು ನೋಡಿದರೆ ನಮ್ಮ ಇಸ್ಪೀಟು ಎಲೆಗಳಿಗೆ ಗೌರವಾನ್ವಿತ ಪೂರ್ವಜರಿದ್ದ ಸಂಗತಿ ತಿಳಿಯುತ್ತದೆ. 834ರಲ್ಲಿ ನಾರ್ವೆಯ ಓಸೆಬರ್ಗ್‌ನಲ್ಲಿ ಹಡಗಿನೊಳಗಿಟ್ಟು ಹೂಳಿದ ಇಬ್ಬರು ಸ್ತ್ರೀಯರ ಸಮಾಧಿಯನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಗೆದಾಗ, ನೂಲು ಪೋಣಿಸಿದ ಐವತ್ತೆರಡು ಹಲಗೆಗಳು ಅರ್ಧ ನೇಯ್ದ ಪಟ್ಟಿಯ ಸಹಿತವಾಗಿ ದೊರೆತವು. ಬರ್ಮಾದ ಬೌದ್ಧರು ತಾಳೆಗರಿಯ ಗ್ರಂಥಗಳನ್ನು ಸುತ್ತಿಕಟ್ಟಲು ಇದೇ ವಿಧಾನದಿಂದ ನೇಯುತ್ತಿದ್ದ ಸಜಿಗ್ಯೊ ಎಂಬ ಸಪೂರ ಪಟ್ಟಿಗಳಲ್ಲಿ ದಾನಿಯ ಪ್ರಾರ್ಥನೆಯನ್ನು ಅಕ್ಷರಗಳಲ್ಲಿಯೇ ನೇಯ್ದು ತುಂಬುತ್ತಿದ್ದರು. ರಾಜಸ್ಥಾನದ ಒಂಟೆಗಾರರದು ಇನ್ನೊಂದು ಚಮತ್ಕಾರ: ಆಡಿನ ರೋಮದ ಹುರಿಗಳನ್ನು ಒಂದರ ಹೊಟ್ಟೆಯನ್ನು ಸೀಳಿ ಇನ್ನೊಂದನ್ನು ತೂರಿಸುತ್ತ ತಡಿಯ ಪಟ್ಟಿಯನ್ನು ಹೆಣೆಯುವುದು, ಇಂಗ್ಲೆಂಡಿನ ನೇಕಾರ ಪೀಟರ್ ಕಾಲಿಂಗ್‌ವುಡ್ 1998ರಲ್ಲಿ ಅದರ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದನು. ಅಮೆರಿಕೆಯಲ್ಲಂತೂ ಹದಿನೆಂಟನೆಯ ಶತಮಾನದ ಜಿಂಕೆಬೇಟೆಗಾರರ ಉಡುಪನ್ನು ಹವ್ಯಾಸಕ್ಕಾಗಿ ಧರಿಸುವವರ ಒಂದು ವರ್ಗವೇ ಇದೆ. ಗುಂಡಿನ ಸಂಚಿಗೂ ಮದ್ದಿನ ಕೊಂಬಿಗೂ ಅಂದಿನ ರೈತರ ಮನೆಗಳಲ್ಲಿ ಹೆಂಗಸರು ನೇಯುತ್ತಿದ್ದಂಥ ಕೈನೇಯ್ಗೆಯ ಪಟ್ಟಿಯೇ ಬೇಕೆಂದು ಅವರ ಹಟ. ಮೊದಲು ಇದನ್ನು ಓದಿದಾಗ ಹೊಟ್ಟೆ ತುಂಬಿದವರ ಆಟವೆಂದು ನಾನು ನಕ್ಕಿದ್ದೆ. ಸೊಂಟವನ್ನು ಕಿಟಕಿಗೆ ಕಟ್ಟಿಕೊಂಡು ಕೂತ ಮೇಲೆ ನಗುವ ಅಧಿಕಾರ ಉಳಿಯಲಿಲ್ಲ.

ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ನಿಂತುಹೋಗಿದೆ, ನಿಲ್ಲಬೇಕಾದದ್ದೇ. ಥಾಣೆಯ ಯೇವೂರು ಬೆಟ್ಟದ ಚಿರತೆ ಈಗ ಬಹುಮಹಡಿ ಕಟ್ಟಡಗಳ ದೀಪಗಳನ್ನು ನೋಡುತ್ತ ಮಲಗುತ್ತದೆ. ಪಟ್ಟಿಗೆ ಮಾತ್ರ ಕೆಲಸ ತಪ್ಪಿಲ್ಲ. 1999ರಲ್ಲಿ ಡೊಂಬಿವಲಿಯಲ್ಲಿ ಪ್ರಾರಂಭವಾಗಿ ಮಿಕ್ಕ ಊರುಗಳಿಗೂ ಹಬ್ಬಿದ ಯುಗಾದಿಯ ಶೋಭಾಯಾತ್ರೆಯಲ್ಲಿ ಪೇಟ ಸುತ್ತಿ ಕತ್ತಿಗುರಾಣಿ ಧರಿಸಿ ನಡೆಯುವ ತರುಣ ತರುಣಿಯರನ್ನು ಗಮನಿಸಿ ನೋಡಿರಿ. ಡೋಲನ್ನು ಸೊಂಟಕ್ಕೆ ಬಿಗಿದು ಗಂಟೆಗಟ್ಟಲೆ ಬಾರಿಸುವವರ ಹೆಗಲನ್ನೂ ನೋಡಿರಿ. ಚಳಿಗಾಲದ ಬೆಳಗ್ಗೆ ನವಿ ಮುಂಬಯಿಯ ನೆರೂಳಿನ ಕೆರೆಯ ಬದಿಗೆ ಹೋದರೆ, ರಾಜಹಂಸಗಳ ಗುಲಾಬಿ ಹಿಂಡಿನ ಮುಂದೆ ಉಸಿರು ಬಿಗಿಹಿಡಿದು ಹೊಂಚುಹಾಕಿ ಕೂತವರು ಕಾಣುತ್ತಾರೆ; ನಿಲುವೂ ತಾಳ್ಮೆಯೂ ಬೇಡನವೇ, ಕೊರಳಲ್ಲಿ ಮಾತ್ರ ಎರಡು ಕಿಲೋ ತೂಕದ ಕ್ಯಾಮರಾ. ಅವರಲ್ಲೊಬ್ಬರ ಕೊರಳಿನಲ್ಲಿ ಕೈಯಿಂದ ನೇಯ್ದ ಉಣ್ಣೆಯ ಪಟ್ಟಿಯನ್ನು ಕಂಡು ಕೇಳಿದೆ. ಬೇಲಾಪುರದ ಅರ್ಬನ್ ಹಾಟ್‌ನಲ್ಲಿ ಕಚ್ಛದ ಕಸಬುದಾರರಿಂದ ಕೊಂಡದ್ದಂತೆ. ಕಂಪನಿಯ ಪಟ್ಟಿ ಕತ್ತನ್ನು ಕೊಯ್ಯುತ್ತದೆಂದು ಅವರೂ ದೂರಿದರು.

ನಾಟಕ ಒಂದು ಶನಿವಾರದ ಸಂಜೆ ನಡೆಯಿತು. ಕಣ್ಣಪ್ಪ ತೋಳೆತ್ತಿ ಬಾಣವನ್ನು ಸೆಳೆದಾಗ ಪಟ್ಟಿ ಹೆಗಲನ್ನು ಬಿಟ್ಟು ಕದಲಲಿಲ್ಲ; ಮೂರನೆಯ ಮಾಳಿಗೆಯ ಹಿರಿಯರು ಮೊಮ್ಮಗನ ಮುಖವನ್ನು ನೋಡದೆ ಅದನ್ನೇ ನೋಡುತ್ತಿದ್ದರೆಂದು ಅವರ ಮನೆಯವರು ಆಮೇಲೆ ಹೇಳಿದರು. ಲಿಂಗಕ್ಕೆ ಕಣ್ಣನ್ನು ಅರ್ಪಿಸುವ ಸಂದರ್ಭದಲ್ಲಿ ಕುಂಕುಮ ಕಲಸಿದ ನೀರು ಹುಡುಗನ ಕೆನ್ನೆಯಿಂದಿಳಿದು ಪಟ್ಟಿಯ ಬಿಳಿಯ ಅಲೆಗಳ ಮೇಲೆ ಒಂದು ಗೇಣು ಹರಡಿತು. ಈಗ ಅದು ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಕಲೆಯನ್ನು ತೊಳೆದುಬಿಡಿರೆಂದು ಹಲವರು ಹೇಳಿದರು, ನಾನು ಇನ್ನೂ ತೊಳೆದಿಲ್ಲ.